‘ಒಂದು ಮಾತು ಹೇಳಿ’ ಎಂದ ಅಳಿಯನಿಗೆ

ಚಿರಂಜೀವಿ ಪುಟ್ಟಣ್ಣನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಕಾಗದ ಕೈಸೇರಿ ಎಂಟು ದಿನಗಳಾದವು. ಉತ್ತರ ತಡವಾದದ್ದು ಉದಾಸೀನದಿಂದಲ್ಲ. ನೀನು ಕೇಳಿದ ಕೆಲಸಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಒಪ್ಪದಿರುವುದನ್ನು ನಿನಗೆ ನೋವಾಗದಂತೆ ಹೇಗೆ ಹೇಳಬೇಕೆಂಬುದು ತೋಚಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ದೊಡ್ಡ ಹುದ್ದೆಯಲ್ಲಿರುವುದೂ, ಎಲ್ಲಿ ಕಂಡರೂ ನನ್ನ ಕಾಲಿಗೆ ನಮಸ್ಕರಿಸುವುದೂ ನಿಜ. ‘ಮಾವ, ನೀವು ಅವರಿಗೆ ಒಂದು ಮಾತು ಹೇಳಿದರೆ ಸಾಕು, ಪರೀಕ್ಷೆಯಿಲ್ಲದೆ ತುಂಬುವ ಆ ಹುದ್ದೆಗೆ ನನ್ನ ಹೆಸರು ಸೇರಿಬಿಡುತ್ತದೆ’ ಎಂದು ಬರೆದಿದ್ದೀಯ. ಆ ಮಾತನ್ನು ನಾನು ಹೇಳುವುದಿಲ್ಲ. ಕೊನೆಯ ಸಾಲಿನವರೆಗೂ ನೀನು ಆಸೆ ಇಟ್ಟುಕೊಂಡು ಓದುವುದು ಬೇಡವೆಂದು ಮೊದಲಿಗೇ ತಿಳಿಸಿದ್ದೇನೆ. ಆದರೆ ‘ಆಗದು’ ಎಂಬ ಒಂದೇ ಪದ ಬರೆದು ಕೈತೊಳೆದುಕೊಳ್ಳಲಾರೆ. ನೀನು ನನ್ನ ತಂಗಿಯ ಮಗ, ನನ್ನ ಮಡಿಲಲ್ಲಿ ಅಕ್ಷರ ತಿದ್ದಿದವನು. ಆದ್ದರಿಂದ ಅಮೆರಿಕದ ಇಪ್ಪತ್ತನೆಯ ಅಧ್ಯಕ್ಷನಾಗಿದ್ದ ಜೇಮ್ಸ್ ಗಾರ್‌ಫೀಲ್ಡನ ಜೀವನವನ್ನು ನನಗೆ ತಿಳಿದಂತೆ ಬರೆಯುತ್ತಿದ್ದೇನೆ. ನನ್ನ ಕಾರಣ ಅದರೊಳಗೇ ಇದೆ.

ಗಾರ್‌ಫೀಲ್ಡನ ಹೆಸರನ್ನು ನಾನು ಮೊದಲು ಕಂಡದ್ದು ಚರಿತ್ರೆಯ ಪುಸ್ತಕದಲ್ಲಲ್ಲ, ಪೈಥಾಗೊರಸನ ಪ್ರಮೇಯದ ಸಾಧನೆಗಳ ನಡುವೆ. 1876ರಲ್ಲಿ, ಅವನು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದಾಗ, ಆ ಪ್ರಮೇಯಕ್ಕೆ ತನ್ನದೇ ಒಂದು ಸಾಧನೆಯನ್ನು ಕಂಡುಕೊಂಡು ಶಿಕ್ಷಣ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷವೂ ಅದನ್ನು ಮಾಡಿ ತೋರಿಸುತ್ತಿದ್ದೆ. ನೀನೂ ಒಮ್ಮೆ ಮಾಡಿ ನೋಡು. ಮೂರು, ನಾಲ್ಕು, ಐದು ಅಂಗುಲದ ಬಾಹುಗಳಿರುವ ಎರಡು ಲಂಬಕೋನ ತ್ರಿಭುಜಗಳನ್ನು ರಟ್ಟಿನಲ್ಲಿ ಕತ್ತರಿಸಿಕೋ. ಒಂದೇ ಗೆರೆಯ ಮೇಲೆ, ಒಂದು ಮೂರರ ಬಾಹುವನ್ನೂ ಇನ್ನೊಂದು ನಾಲ್ಕರ ಬಾಹುವನ್ನೂ ಊರಿ ನಿಲ್ಲುವಂತೆ ಎರಡನ್ನೂ ಪಕ್ಕಪಕ್ಕದಲ್ಲಿಡು. ಲಂಬಕೋನಗಳು ಎರಡು ಹೊರತುದಿಗಳಲ್ಲಿರಲಿ. ಅವುಗಳ ಮೇಲಿನ ತುದಿಗಳನ್ನು ಗೆರೆಯಿಂದ ಸೇರಿಸಿದರೆ ಒಂದು ತ್ರಾಪಿಜ್ಯವಾಗುತ್ತದೆ, ನಡುವೆ ಮೂರನೆಯ ತ್ರಿಭುಜವೊಂದು ತಾನಾಗಿ ಮೂಡುತ್ತದೆ. ತ್ರಾಪಿಜ್ಯದ ವಿಸ್ತೀರ್ಣ ಏಳರ ವರ್ಗದ ಅರ್ಧ, ಅಂದರೆ 24.5. ರಟ್ಟಿನ ತ್ರಿಭುಜಗಳು ಆರಾರರಂತೆ 12. ಅದನ್ನು ಕಳೆದರೆ ನಡುವಿನ ತ್ರಿಭುಜಕ್ಕೆ ಉಳಿಯುವುದು 12.5, ಅದು ಐದರ ವರ್ಗದ ಅರ್ಧ. ಅಂಕಿಗಳ ಜಾಗದಲ್ಲಿ ಅಕ್ಷರಗಳನ್ನಿಟ್ಟರೆ ಪ್ರಮೇಯ ಸಿದ್ಧವಾಗುತ್ತದೆ. ಕಾನೂನು ಮಾಡುವ ಸಭೆಯಲ್ಲಿ ಕುಳಿತವನೊಬ್ಬನು ಯಾವ ಲಾಭದ ಆಸೆಯೂ ಇಲ್ಲದೆ ಇಂಥದೊಂದು ಗೆರೆ ಎಳೆದನಲ್ಲ, ಅವನು ಯಾರು ಎಂದು ತಿಳಿಯುವ ಕುತೂಹಲದಿಂದ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ.

ಅವನು ಹುಟ್ಟಿದ್ದು 1831ರ ನವೆಂಬರ್ 19ರಂದು, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಸಮೀಪದ ಹಳ್ಳಿಗಾಡಿನಲ್ಲಿ, ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಒಂದು ಗುಡಿಸಲಿನಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ತಾಯಿ ಎಲೈಜಾ ಮಕ್ಕಳನ್ನು ಕಟ್ಟಿಕೊಂಡು ಹೊಲದ ಕೆಲಸ ಮಾಡಿ ಸಂಸಾರ ಸಾಗಿಸಿದಳು. ಹುಡುಗನಿಗೆ ಹಡಗಿನ ಹುಚ್ಚು. ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟವನಿಗೆ ಸಿಕ್ಕಿದ್ದು ಕಾಲುವೆಯ ದೋಣಿಗಳನ್ನೆಳೆಯುವ ಹೇಸರಗತ್ತೆಗಳನ್ನು ದಡದ ಮೇಲೆ ಹೊಡೆದುಕೊಂಡು ಹೋಗುವ ಕೆಲಸ. ಈಜು ಬಾರದು, ಎಷ್ಟೋ ಸಲ ಕಾಲುವೆಗೆ ಬಿದ್ದ. ಕೆಲವೇ ವಾರಗಳಲ್ಲಿ ಚಳಿಜ್ವರ ಹಿಡಿದು ಮನೆಗೆ ಬಂದು ಮಲಗಿದಾಗ ತಾಯಿ ಗದರಲಿಲ್ಲ. ಮತ್ತೆ ದೋಣಿಗೆ ಹೋಗುವ ಮುನ್ನ ಸ್ವಲ್ಪ ಕಾಲ ಶಾಲೆಗೆ ಹೋಗಿ ನೋಡು ಎಂದಷ್ಟೇ ಕೇಳಿಕೊಂಡಳು. ಮನೆಯಲ್ಲಿ ಕೂಡಿಟ್ಟಿದ್ದ ಹದಿನೇಳು ಡಾಲರುಗಳನ್ನು ಅವನ ಕೈಗಿತ್ತಳು. ಆ ಹಣ ಮುಗಿದ ಮೇಲೆ ಅವನು ಮನೆಯಿಂದ ಹೆಚ್ಚೇನೂ ಕೇಳದೆ, ಬಡಗಿಯ ಕೈಕೆಳಗೆ ದುಡಿದು, ರಜೆಯಲ್ಲಿ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ ಓದು ಮುಂದುವರಿಸಿದ.

1851ರಲ್ಲಿ ಹೈರಮ್ ಎಂಬ ಊರಿನ ವಿದ್ಯಾಸಂಸ್ಥೆಗೆ ಸೇರಿದಾಗ ಅವನು ಶುಲ್ಕದ ಬದಲಿಗೆ ಮಾಡಿದ್ದು ಜವಾನನ ಕೆಲಸ: ಕೊಠಡಿ ಗುಡಿಸುವುದು, ಒಲೆಗೆ ಬೆಂಕಿ ಮಾಡುವುದು. ಓದುತ್ತಿರುವಾಗಲೇ ಅವನನ್ನು ಪಾಠ ಹೇಳಲು ಹಚ್ಚಿದರು. ಅಲ್ಲಿಂದ ಮಸಾಚುಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿಗೆ ಹೋಗಿ 1856ರಲ್ಲಿ ಪದವಿ ಪಡೆದು ಹಿಂದಿರುಗಿದ. ಮರುವರ್ಷವೇ, ಇನ್ನೂ ಇಪ್ಪತ್ತಾರು ತುಂಬುವುದರೊಳಗೆ, ತಾನು ಕಸ ಗುಡಿಸಿದ್ದ ಅದೇ ಸಂಸ್ಥೆಯ ಮುಖ್ಯಸ್ಥನಾದ. ನಾನು ಮೇಷ್ಟರಾದ್ದರಿಂದ ಅವನ ಜೀವನದ ಈ ಭಾಗ ನನಗೆ ಬಹಳ ಪ್ರಿಯ. ಆರು ವರ್ಷಗಳಲ್ಲಿ ಪೊರಕೆಯಿಂದ ಮುಖ್ಯಸ್ಥನ ಮೇಜಿನವರೆಗೆ ಬಂದವನ ಪರವಾಗಿ ಯಾರಾದರೂ ಮಾತು ಹೇಳಿದ್ದರೆಂದು ನಾನೆಲ್ಲಿಯೂ ಓದಿಲ್ಲ. ಅವನ ಕೆಲಸವನ್ನು ದಿನವೂ ಕಣ್ಣೆದುರು ಕಂಡಿದ್ದವರೇ ಅವನನ್ನು ಆರಿಸಿದರು.

1861ರಲ್ಲಿ ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಆಗ ಅವನು ಒಹಾಯೋ ರಾಜ್ಯದ ಸೆನೆಟಿನ ಸದಸ್ಯನೂ ಗುಲಾಮಗಿರಿಯ ವಿರೋಧಿಯೂ ಆಗಿದ್ದ. ಒಹಾಯೋದ 42ನೆಯ ಕಾಲಾಳು ಪಡೆಯ ಕರ್ನಲ್ ಆಗಿ ನೇಮಕಗೊಂಡಾಗ ಅವನಿಗೆ ಯುದ್ಧವಿದ್ಯೆಯ ಗಂಧವೂ ಇರಲಿಲ್ಲ. ಇಲ್ಲಿ ನಿನಗೆ ನಿಜವನ್ನೇ ಹೇಳಬೇಕು: ಆ ಕಾಲದಲ್ಲಿ ಸೈನ್ಯದ ಇಂಥ ಹುದ್ದೆಗಳು ರಾಜಕೀಯದವರ ಕೈಯಿಂದಲೇ ಬರುತ್ತಿದ್ದವು, ಅವನಿಗೂ ಹಾಗೆಯೇ ಬಂದಿತು, ಅವನೂ ಅದನ್ನು ಬಯಸಿದ್ದ. ಬಂದ ಮೇಲೆ ಅವನು ಮಾಡಿದ್ದನ್ನು ನೋಡು. ಮರದ ಸಣ್ಣ ತುಂಡುಗಳನ್ನು ಕೆತ್ತಿ, ಅವೇ ತನ್ನ ತುಕಡಿಗಳೆಂದು ಮೇಜಿನ ಮೇಲೆ ಸಾಲುಗೂಡಿಸಿ, ಕವಾಯತಿನ ಪುಸ್ತಕ ತೆರೆದಿಟ್ಟುಕೊಂಡು ಅವುಗಳನ್ನು ಹಿಂದೆ ಮುಂದೆ ಸರಿಸುತ್ತ ಕಲಿತ. ಅವನ ಪಡೆಯಲ್ಲಿ ಹೈರಮ್‌ನ ಅವನ ವಿದ್ಯಾರ್ಥಿಗಳೇ ಅನೇಕರಿದ್ದರು. ಆ ಹುಡುಗರನ್ನು ಕರೆದುಕೊಂಡು ಕೆಂಟಕಿಯ ಪೂರ್ವದ ಬೆಟ್ಟಗಳಿಗೆ ಹೋಗಿ, 1862ರ ಜನವರಿ 10ರಂದು ಮಿಡಲ್ ಕ್ರೀಕ್ ಎಂಬಲ್ಲಿ, ಸೈನಿಕ ಶಾಲೆಯಲ್ಲಿ ಓದಿ ಮೆಕ್ಸಿಕೋ ಯುದ್ಧ ಕಂಡಿದ್ದ, ದಕ್ಷಿಣದವರ ಸೇನಾನಿ ಹಂಫ್ರಿ ಮಾರ್ಷಲನ ಎದುರು ನಿಂತ. ಚರಿತ್ರೆಯ ದೃಷ್ಟಿಯಿಂದ ಅದು ಸಣ್ಣ ಕಾಳಗ. ಆದರೆ ಮಾರ್ಷಲ್ ಹಿಮ್ಮೆಟ್ಟಿದ, ಗಾರ್‌ಫೀಲ್ಡ್ ಬ್ರಿಗೇಡಿಯರ್ ಜನರಲ್ ಆದ. ಮನುಷ್ಯರು ಮನುಷ್ಯರನ್ನೇ ಕೊಂದು ಕೆಡವಿದ್ದನ್ನು ಮೊದಲ ಸಲ ಕಂಡಾಗ ತನ್ನೊಳಗಿನಿಂದ ಏನೋ ಹೊರಟುಹೋಯಿತು, ಅದು ಮತ್ತೆಂದೂ ಹಿಂದಿರುಗಲಿಲ್ಲ ಎಂಬರ್ಥದ ಮಾತನ್ನು ಅವನು ಬಹಳ ವರ್ಷಗಳ ಮೇಲೆ ಸ್ನೇಹಿತರೊಬ್ಬರಲ್ಲಿ ಆಡಿದ. ಗೆದ್ದವನು ಆಡಿದ ಮಾತು ಇದು.

ಮುಂದೆ ಅವನು ಜನರಲ್ ರೋಸ್‌ಕ್ರಾನ್ಸನ ಸಿಬ್ಬಂದಿಯ ಮುಖ್ಯಸ್ಥನಾದ. 1863ರ ಸೆಪ್ಟೆಂಬರ್ 19 ಮತ್ತು 20ರಂದು ಚಿಕಮಾಗಾದಲ್ಲಿ ನಡೆದ ಘೋರ ಯುದ್ಧದ ಎರಡನೆಯ ದಿನ ಉತ್ತರದವರ ಬಲಪಾರ್ಶ್ವ ಕುಸಿದು, ಸೇನಾಪತಿಯೇ ಚಟ್ಟನೂಗಾ ಕಡೆಗೆ ಹಿಂದಿರುಗಿದಾಗ, ಗಾರ್‌ಫೀಲ್ಡ್ ಅವನೊಡನೆ ಹೋಗದೆ ಕುದುರೆಯನ್ನು ತಿರುಗಿಸಿ, ಇನ್ನೂ ಕದಲದೆ ನಿಂತಿದ್ದ ಜನರಲ್ ಥಾಮಸನ ಬಳಿಗೆ ಹೋಗಿ ಸೇರಿಕೊಂಡ. ಇದಕ್ಕಾಗಿ ಮೇಜರ್ ಜನರಲ್ ಪದವಿ ಬಂದಿತು. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಅವನು ತನ್ನ ಸೇನಾಪತಿಯ ನಿಧಾನವನ್ನು ದೂರಿ, ಆ ಸೇನಾಪತಿಗೆ ತಿಳಿಯದಂತೆ, ವಾಷಿಂಗ್ಟನ್ನಿನಲ್ಲಿದ್ದ ಹಣಕಾಸು ಮಂತ್ರಿ ಚೇಸ್‌ಗೆ ಕಾಗದ ಬರೆದಿದ್ದ. ದೂರಿನಲ್ಲಿ ಹುರುಳಿದ್ದಿರಬಹುದು. ಆದರೆ ಬೆಳಿಗ್ಗೆ ಒಂದೇ ಡೇರೆಯಲ್ಲಿ ಊಟ ಮಾಡಿದವನ ಬೆನ್ನ ಹಿಂದೆ ಮೇಲಿನವರಿಗೆ ಹಾಗೆ ಬರೆಯಬಾರದಿತ್ತೆಂದೇ ನಾನು ತಿಳಿದಿದ್ದೇನೆ. ನನಗೆ ಅವನಲ್ಲಿ ಎಷ್ಟು ಗೌರವವಿದ್ದರೂ ಈ ಕಾಗದವನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಅವನು ಯುದ್ಧಭೂಮಿಯಲ್ಲಿರುವಾಗಲೇ, 1862ರಲ್ಲಿ, ಜನ ಅವನನ್ನು ಪ್ರತಿನಿಧಿ ಸಭೆಗೆ ಆರಿಸಿದ್ದರು. ಜನರಲ್‌ಗಳು ಬೇಕಾದಷ್ಟಿದ್ದಾರೆ, ಸಭೆಯಲ್ಲಿ ಕೆಲಸಕ್ಕೆ ಬರುವವರ ಕೊರತೆಯಿದೆ ಎಂದು ಅಧ್ಯಕ್ಷ ಲಿಂಕನ್ ಸೂಚಿಸಿದ್ದರಿಂದ ಸೈನ್ಯ ಬಿಟ್ಟು 1863ರ ಡಿಸೆಂಬರಿನಲ್ಲಿ ಅಲ್ಲಿ ಕುಳಿತವನು ಹದಿನೇಳು ವರ್ಷ ಅಲ್ಲಿಯೇ ಇದ್ದ. ಲೆಕ್ಕಪತ್ರ, ನಾಣ್ಯದ ನೀತಿ, ಜನಗಣತಿ, ಶಿಕ್ಷಣ ಇಲಾಖೆಯ ಸ್ಥಾಪನೆ, ಇಂಥ ಬೇಸರದ ಕೆಲಸಗಳೆಲ್ಲ ಅವನ ಪಾಲಿಗೆ ಬಂದವು, ಅವನೂ ಅವನ್ನು ಬಯಸಿ ತೆಗೆದುಕೊಂಡ. ಒಂದನ್ನು ಮಾತ್ರ ಹೆಸರಿಸುತ್ತೇನೆ. 1866ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಿಲಿಗನ್ ಎಂಬವನ ಮೊಕದ್ದಮೆ ಬಂದಿತು. ಅವನು ದಕ್ಷಿಣದವರ ಪಕ್ಷಪಾತಿಯೆಂದು ಹೆಸರಾದ, ಉತ್ತರದ ಜನರಿಗೆ ಕಂಡರಾಗದ ವ್ಯಕ್ತಿ. ಅವನಿಗೆ ಸೈನಿಕ ನ್ಯಾಯಮಂಡಲಿ ಮರಣದಂಡನೆ ವಿಧಿಸಿತ್ತು. ಸಾಮಾನ್ಯ ನ್ಯಾಯಾಲಯಗಳು ತೆರೆದಿರುವ ಕಡೆ ನಾಗರಿಕನನ್ನು ಸೈನಿಕರು ವಿಚಾರಣೆ ಮಾಡಕೂಡದೆಂದು ವಾದಿಸಿದ ವಕೀಲರಲ್ಲಿ, ಆ ದಕ್ಷಿಣದವರ ಮೇಲೆಯೇ ಯುದ್ಧ ಮಾಡಿಬಂದ ಜನರಲ್ ಗಾರ್‌ಫೀಲ್ಡನೂ ಒಬ್ಬನಾಗಿದ್ದ. ನ್ಯಾಯಾಲಯದಲ್ಲಿ ಅದು ಅವನ ಮೊಟ್ಟಮೊದಲ ವಾದ. ಸ್ವಪಕ್ಷದವರ ಬೈಗುಳ ಬರುವುದೆಂದು ತಿಳಿದೇ ವಾದಿಸಿದ, ಗೆದ್ದ.

ಕಲೆಯೂ ಮೆತ್ತಿಕೊಂಡಿತು. ರೈಲುಮಾರ್ಗ ಹಾಕುವ ಕಂಪನಿಯೊಂದರ ಷೇರುಗಳನ್ನು ಸಭೆಯ ಸದಸ್ಯರಿಗೆ ಹಂಚಿ ಅವರನ್ನು ಕೊಂಡುಕೊಂಡ ಹಗರಣ 1872ರಲ್ಲಿ ಬಯಲಾದಾಗ ಗಾರ್‌ಫೀಲ್ಡನ ಹೆಸರೂ ಬಂದಿತು. ಅವನಿಗೆ ಸಂದಿತೆಂದು ಆರೋಪಿಸಿದ ಲಾಭಾಂಶ 329 ಡಾಲರು. ಅವನು ಅಲ್ಲಗಳೆದ, ಆದರೆ ಅವನ ವಿವರಣೆ ಎಲ್ಲರನ್ನೂ ಒಪ್ಪಿಸಲಿಲ್ಲ. ಎಂಟು ವರ್ಷಗಳ ತರುವಾಯ ಅವನು ಅಧ್ಯಕ್ಷ ಪದವಿಗೆ ನಿಂತಾಗ ವಿರೋಧಿಗಳು ಬೇರೇನನ್ನೂ ಬರೆಯದೆ ‘329’ ಎಂಬ ಅಂಕಿಯನ್ನಷ್ಟೇ ಬೇಲಿ, ಗೋಡೆಗಳ ಮೇಲೆ ಬಳಿದರು. ಎಷ್ಟು ಸಣ್ಣ ಮೊತ್ತ! ಎರಡು ದಶಕಗಳ ದುಡಿಮೆಯ ಪಕ್ಕದಲ್ಲಿ ಆ ಮೂರು ಅಂಕಿಗಳು ಇಂದಿಗೂ ನಿಂತಿವೆ. ಪುಟ್ಟಣ್ಣ, ನೀನು ಪಡೆಯಬೇಕೆಂದಿರುವ ಉಪಕಾರವೂ ಈ ಹೊತ್ತಿಗೆ ಅಷ್ಟೇ ಸಣ್ಣದಾಗಿ ಕಾಣುತ್ತಿರಬಹುದು.

1880ರ ಜೂನ್ ತಿಂಗಳಲ್ಲಿ ಅವನ ಪಕ್ಷವಾದ ರಿಪಬ್ಲಿಕನ್ ಪಕ್ಷದ ಮಹಾಸಭೆ, ಅಧ್ಯಕ್ಷ ಪದವಿಗೆ ತನ್ನ ಅಭ್ಯರ್ಥಿಯನ್ನು ಆರಿಸಲು ಶಿಕಾಗೋದಲ್ಲಿ ಕೂಡಿತು. ಅಲ್ಲಿ ಮೂರು ಬಣಗಳು: ಮೂರನೆಯ ಬಾರಿ ಅಧ್ಯಕ್ಷನಾಗಬಯಸಿದ್ದ ಗ್ರಾಂಟ್, ಮೇನ್ ರಾಜ್ಯದ ಬ್ಲೇನ್, ಒಹಾಯೋದ ಶರ್ಮನ್. ಗಾರ್‌ಫೀಲ್ಡ್ ಹೋದದ್ದು ಶರ್ಮನ್‌ನ ಹೆಸರು ಸೂಚಿಸಿ ಭಾಷಣ ಮಾಡಲು. ಮೂವತ್ತಮೂರು ಸುತ್ತು ಮತದಾನ ನಡೆದರೂ ಯಾರಿಗೂ ಬಹುಮತ ಬರಲಿಲ್ಲ. ಮೂವತ್ತನಾಲ್ಕನೆಯ ಸುತ್ತಿನಲ್ಲಿ ವಿಸ್ಕಾನ್ಸಿನ್ ರಾಜ್ಯದವರು ಇದ್ದಕ್ಕಿದ್ದಂತೆ ಹದಿನಾರು ಮತಗಳನ್ನು ಗಾರ್‌ಫೀಲ್ಡನಿಗೆ ಹಾಕಿದರು. ಅವನು ಎದ್ದು ನಿಂತು, ಒಬ್ಬನ ಒಪ್ಪಿಗೆಯಿಲ್ಲದೆ ಅವನ ಹೆಸರಿಗೆ ಮತ ಹಾಕುವ ಹಕ್ಕು ಯಾರಿಗೂ ಇಲ್ಲವೆಂದು ಆಕ್ಷೇಪ ಎತ್ತಿದ. ಸಭಾಧ್ಯಕ್ಷ ಅವನ ಮಾತನ್ನು ಮುಗಿಸಗೊಡದೆ ಕೂರಿಸಿದ. ಮುಂದಿನ ಸುತ್ತಿನಲ್ಲಿ ಐವತ್ತು, ಮೂವತ್ತಾರನೆಯ ಸುತ್ತಿನಲ್ಲಿ 399. ಹೀಗೆ, ಬೇಡವೆಂದವನ ಕೊರಳಿಗೆ ಹಾರ ಬಿದ್ದಿತು. ಅವನ ಮನಸ್ಸಿನ ಮೂಲೆಯಲ್ಲಿ ಆಸೆಯೇ ಇರಲಿಲ್ಲವೆಂದು ನಾನು ಹೇಳಲಾರೆ, ಮನುಷ್ಯನ ಮನಸ್ಸನ್ನು ಹೊಕ್ಕು ನೋಡಿದವರಾರು? ಆದರೆ ಅವನು ಕೈಚಾಚಲಿಲ್ಲ ಎಂಬುದಕ್ಕೆ ಸಾವಿರಾರು ಜನ ಸಾಕ್ಷಿಗಳಿದ್ದರು. ನವೆಂಬರಿನ ಚುನಾವಣೆಯಲ್ಲಿ, ತನ್ನಂತೆಯೇ ಯುದ್ಧದ ಜನರಲ್ ಆಗಿದ್ದ ಹ್ಯಾನ್‌ಕಾಕ್‌ನನ್ನು ದೇಶದ ಒಟ್ಟು ಮತಗಳಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಅಂತರದಿಂದ ಸೋಲಿಸಿದ.

1881ರ ಮಾರ್ಚ್ 4ರಂದು ಪ್ರಮಾಣವಚನ ಸ್ವೀಕರಿಸಿದ ಕೂಡಲೇ ತಿರುಗಿ, ಅಲ್ಲಿ ಕುಳಿತಿದ್ದ ಮುದಿತಾಯಿಗೆ ಮುತ್ತಿಟ್ಟ. ಹದಿನೇಳು ಡಾಲರು ಕೊಟ್ಟು ಕಳುಹಿಸಿದ ಆ ತಾಯಿಯೇ. ಅಂದಿನ ಭಾಷಣದಲ್ಲಿ ಗುಲಾಮರಾಗಿದ್ದವರು ಪೂರ್ಣ ನಾಗರಿಕರಾದದ್ದನ್ನು ಸಂವಿಧಾನ ಬಂದ ಮೇಲಿನ ಅತಿ ದೊಡ್ಡ ರಾಜಕೀಯ ಬದಲಾವಣೆಯೆಂದು ಕೊಂಡಾಡಿದ. ಅದೇ ಭಾಷಣದ ಇನ್ನೊಂದು ಭಾಗಕ್ಕಾಗಿಯೇ ನಾನು ಈ ಕಾಗದ ಬರೆಯುತ್ತಿದ್ದೇನೆ ಎಂದರೂ ಸಲ್ಲುತ್ತದೆ. ಸರ್ಕಾರಿ ನೌಕರಿಯನ್ನು ಕಾನೂನಿನ ಕಟ್ಟಿಗೆ ತಾರದ ಹೊರತು ಅದು ನೆಟ್ಟಗಾಗದು. ನೇಮಿಸುವವರನ್ನು ಹುದ್ದೆ ಬೇಡುವವರ ಕಾಟದಿಂದಲೂ, ಈಗಾಗಲೇ ಹುದ್ದೆಯಲ್ಲಿರುವವರನ್ನು ಪಿತೂರಿಯಿಂದಲೂ ಕಾಪಾಡಲು ಕಾನೂನು ಬೇಕು ಎಂದು ಅವನು ಅಂದು ಹೇಳಿದ.

ಏಕೆ ಹೇಳಿದನೆಂದರೆ, ಆ ದೇಶದಲ್ಲಿ ಐವತ್ತು ವರ್ಷಗಳಿಂದ ನಡೆದು ಬಂದಿದ್ದ ಪದ್ಧತಿ ಹಾಗಿತ್ತು. ಗೆದ್ದ ಪಕ್ಷದವರು ಅಂಚೆಯವನಿಂದ ಹಿಡಿದು ರಾಯಭಾರಿಯವರೆಗೆ ತಮ್ಮವರನ್ನು ತುಂಬುವುದು, ಇದ್ದವರನ್ನು ತೆಗೆಯುವುದು, ತುಂಬಿದವರ ಸಂಬಳದಿಂದ ಪಕ್ಷಕ್ಕೆ ವಂತಿಗೆ ಕೀಳುವುದು. ನ್ಯೂಯಾರ್ಕಿನ ಸುಂಕದ ಕಟ್ಟೆಯಂತೂ ಇದಕ್ಕೆಲ್ಲ ರಾಜಧಾನಿ. ಗಾರ್‌ಫೀಲ್ಡ್ ಅಧ್ಯಕ್ಷನಾದ ಮರುದಿನದಿಂದ ಶ್ವೇತಭವನದ ಮೆಟ್ಟಿಲು, ಮೊಗಸಾಲೆಗಳಲ್ಲೆಲ್ಲ ಅರ್ಜಿ ಹಿಡಿದವರ ಸಾಲು. ಪ್ರತಿಯೊಬ್ಬನ ಕೈಯಲ್ಲಿಯೂ ಯಾರೋ ದೊಡ್ಡವರು ಬರೆದುಕೊಟ್ಟ ಚೀಟಿ. ಓದಲು, ಯೋಚಿಸಲು ಹೊತ್ತಿಲ್ಲದೆ, ಇಂಥ ಜಾಗಕ್ಕೆ ಬರಲು ಮನುಷ್ಯ ಏಕಾದರೂ ಬಯಸುತ್ತಾನೋ ಎಂದು ಅವನು ಹಲುಬಿದ. ಸುಂಕದ ಕಟ್ಟೆಯ ಮುಖ್ಯಾಧಿಕಾರಿಯ ಹುದ್ದೆಗೆ, ನ್ಯೂಯಾರ್ಕಿನ ಪ್ರಬಲ ಸೆನೆಟರ್ ಕಾಂಕ್ಲಿಂಗನನ್ನು ಕೇಳದೆ, ಅವನ ವಿರೋಧಿ ರಾಬರ್ಟ್‌ಸನ್ನನ ಹೆಸರು ಕಳುಹಿಸಿದ. ಕಾಂಕ್ಲಿಂಗ್ ಮುನಿದು ಮೇ ತಿಂಗಳಲ್ಲಿ ರಾಜೀನಾಮೆ ಬಿಸಾಡಿದ, ಅಧ್ಯಕ್ಷ ಗೆದ್ದ. ಆದರೆ ಆ ರಾಬರ್ಟ್‌ಸನ್ನನೂ ಶಿಕಾಗೋದ ಮಹಾಸಭೆಯಲ್ಲಿ ಅಧ್ಯಕ್ಷನಿಗೆ ಸಹಾಯ ಮಾಡಿದ್ದವನೇ. ಪದ್ಧತಿ ಕೆಟ್ಟಿದ್ದಾಗ ಒಳ್ಳೆಯವನ ಕೈಯಿಂದಲೂ ಪೂರಾ ಶುದ್ಧವಾದ ನೇಮಕ ಆಗುವುದು ಕಷ್ಟ.

ಆ ಸಾಲಿನಲ್ಲಿ ನಿಂತವರಲ್ಲಿ ಚಾರ್ಲ್ಸ್ ಗಿಟೋ ಎಂಬವನಿದ್ದ. ವಕೀಲಿ, ಧರ್ಮಪ್ರಚಾರ ಎಲ್ಲದರಲ್ಲಿಯೂ ಸೋತವನು, ಬುದ್ಧಿ ಸ್ಥಿಮಿತವಿಲ್ಲದವನು. ಚುನಾವಣೆಯ ಹೊತ್ತಿನಲ್ಲಿ ಒಂದು ಭಾಷಣವನ್ನು ಅಚ್ಚುಹಾಕಿಸಿ ಹಂಚಿದ್ದ, ಅದರಿಂದಲೇ ಗಾರ್‌ಫೀಲ್ಡ್ ಗೆದ್ದನೆಂದು ನಂಬಿದ್ದ. ಅದಕ್ಕೆ ಪ್ರತಿಯಾಗಿ ಪ್ಯಾರಿಸ್ಸಿನಲ್ಲಿ ಕಾನ್ಸಲ್ ಹುದ್ದೆ ತನಗೆ ಸಲ್ಲಬೇಕೆಂದು ವಾರಗಟ್ಟಲೆ ಶ್ವೇತಭವನಕ್ಕೂ ವಿದೇಶಾಂಗ ಕಚೇರಿಗೂ ಅಲೆದು, ಚೀಟಿಯ ಮೇಲೆ ಚೀಟಿ ಕಳುಹಿಸಿದ. ಕೊನೆಗೆ ವಿದೇಶಾಂಗ ಮಂತ್ರಿಯಾಗಿದ್ದ ಬ್ಲೇನ್, ಪ್ಯಾರಿಸ್ಸಿನ ಮಾತನ್ನು ಇನ್ನೆಂದೂ ನನ್ನೆದುರು ಎತ್ತಬೇಡ ಎಂದು ಗದರಿಸಿದ. ಗಾರ್‌ಫೀಲ್ಡನನ್ನು ತೆಗೆದರೆ ಉಪಾಧ್ಯಕ್ಷ ಆರ್ಥರ್ ಬರುತ್ತಾನೆ, ತನ್ನ ಋಣ ತೀರಿಸುತ್ತಾನೆ ಎಂದು ಆ ಹುಚ್ಚುತಲೆ ಲೆಕ್ಕ ಹಾಕಿತು. ನೀನು ಗಿಟೋನಂಥವನೆಂದು ನಾನು ಕನಸಿನಲ್ಲಿಯೂ ಹೇಳುವುದಿಲ್ಲ. ಅವನು ರೋಗಿ, ನೀನು ಬುದ್ಧಿವಂತ. ಆದರೆ ‘ನನಗೆ ಸಲ್ಲಬೇಕಾದದ್ದು’ ಎಂದು ಅವನು ಹಿಡಿದ ಹಟ ಅವನೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಆ ಮೊಗಸಾಲೆಯಲ್ಲಿ ನಿಂತಿದ್ದ ನೂರಾರು ಮರ್ಯಾದಸ್ಥರೂ ಅದೇ ಪದಗಳನ್ನು ಬಳಸುತ್ತಿದ್ದರು.

1881ರ ಜುಲೈ 2ರ ಬೆಳಿಗ್ಗೆ ಗಾರ್‌ಫೀಲ್ಡ್ ತನ್ನ ಇಬ್ಬರು ಹುಡುಗರೊಡನೆ ವಾಷಿಂಗ್ಟನ್ನಿನ ರೈಲು ನಿಲ್ದಾಣಕ್ಕೆ ಬಂದ. ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ಹೆಂಡತಿ ಲುಕ್ರೀಷಿಯಾಳನ್ನು ಕೂಡಿಕೊಂಡು, ಪದವಿ ಪಡೆದು ಇಪ್ಪತ್ತೈದು ವರ್ಷ ತುಂಬಿದ್ದ ತನ್ನ ವಿಲಿಯಮ್ಸ್ ಕಾಲೇಜಿಗೆ ಹೋಗುವುದಿತ್ತು. ನಿಲ್ದಾಣದೊಳಗೆ ಹೆಜ್ಜೆಯಿಟ್ಟಾಗ ಗಿಟೋ ಹಿಂದಿನಿಂದ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿತು. ಇನ್ನೊಂದು ಬೆನ್ನಿನ ಬಲಭಾಗದಲ್ಲಿ ಹೊಕ್ಕು, ಪಕ್ಕೆಲುಬನ್ನು ಮುರಿದು, ಬೆನ್ನುಹುರಿಯನ್ನು ತಪ್ಪಿಸಿಕೊಂಡು ಎಡಕ್ಕೆ ಹೋಗಿ ಕುಳಿತಿತು. ಆ ಗುಂಡು ಅಲ್ಲಿಯೇ ಇದ್ದಿದ್ದರೂ ಅವನು ಬದುಕುತ್ತಿದ್ದನೆಂದು ಇಂದಿನ ಅನೇಕರು ನಂಬುತ್ತಾರೆ. ಆದರೆ ನಿಲ್ದಾಣದ ನೆಲದ ಮೇಲೆಯೇ ವೈದ್ಯರು ತೊಳೆಯದ ಬೆರಳುಗಳನ್ನು ಗಾಯಕ್ಕೆ ತೂರಿಸಿ ಗುಂಡು ಹುಡುಕಿದರು. ಚಿಕಿತ್ಸೆಯನ್ನು ಕೈಗೆತ್ತಿಕೊಂಡ ವೈದ್ಯ ಬ್ಲಿಸ್ ಬೇರೆಯವರನ್ನು ದೂರವಿಟ್ಟು, ಗುಂಡು ಬಲಗಡೆಯೇ ಇದೆ ಎಂದು ಸಾಧಿಸಿದ. ಟೆಲಿಫೋನ್ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಲೋಹವನ್ನು ಪತ್ತೆಹಚ್ಚುವ ಉಪಕರಣ ತಯಾರಿಸಿಕೊಂಡು ಬಂದಾಗಲೂ ಬಲಗಡೆಯನ್ನಷ್ಟೇ ನೋಡಲು ಬಿಟ್ಟ. ಗಾಯ ಕೀವಾಯಿತು, ವಿಷ ಮೈಗೇರಿತು. ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ಐದು ವರ್ಷಗಳ ಹಿಂದೆ ಫಿಲಡೆಲ್ಫಿಯಾಕ್ಕೇ ಬಂದು ಕ್ರಿಮಿನಾಶಕ ಶಸ್ತ್ರಚಿಕಿತ್ಸೆಯ ರೀತಿಯನ್ನು ವಿವರಿಸಿ ಹೋಗಿದ್ದ. ಕೇಳಿಸಿಕೊಂಡವರು ಕಡಿಮೆ.

ಎಪ್ಪತ್ತೊಂಬತ್ತು ದಿನ ಅವನು ನರಳಿದ, ಆದರೆ ದೂರಲಿಲ್ಲ. ಕೊನೆಗೆ ಕಡಲು ಕಾಣಬೇಕೆಂಬ ಅವನ ಆಸೆಯಂತೆ ಸೆಪ್ಟೆಂಬರ್ 6ರಂದು ನ್ಯೂಜರ್ಸಿಯ ಎಲ್ಬೆರಾನ್ ಎಂಬ ಸಮುದ್ರತೀರದ ಊರಿಗೆ ರೈಲಿನಲ್ಲಿ ಕರೆದೊಯ್ದರು. ನಿಲ್ದಾಣದಿಂದ ಮನೆಯವರೆಗೆ ಗಾಡಿಯ ಕುಲುಕಾಟ ತಾಗಬಾರದೆಂದು ಊರಿನ ಜನ ರಾತ್ರಿಯೆಲ್ಲ ದುಡಿದು ಮನೆಯ ಬಾಗಿಲಿಗೇ ಹಳಿ ಹಾಕಿದ್ದರು. ಏರಿನಲ್ಲಿ ಎಂಜಿನ್ನಿಗೆ ಎಳೆಯಲಾಗದಾಗ ಅವರೇ ಬೋಗಿಗೆ ಹೆಗಲು ಕೊಟ್ಟು ತಳ್ಳಿದರು. ಆ ರಾತ್ರಿ ಹಳಿ ಹೊತ್ತವರಲ್ಲಿ ಯಾರಿಗೂ ಅವನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಇದನ್ನು ಓದುವಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ. ಸೆಪ್ಟೆಂಬರ್ 19ರ ರಾತ್ರಿ ಹತ್ತೂವರೆಯ ಸುಮಾರಿಗೆ ಅವನು ತೀರಿಕೊಂಡ. ಚಿಕಮಾಗಾ ಯುದ್ಧ ಆರಂಭವಾದ ದಿನಕ್ಕೆ ಸರಿಯಾಗಿ ಹದಿನೆಂಟು ವರ್ಷ. ವಯಸ್ಸು ಐವತ್ತೂ ತುಂಬಿರಲಿಲ್ಲ.

ಅವನ ನಂತರ ಬಂದ ಚೆಸ್ಟರ್ ಆರ್ಥರ್, ನ್ಯೂಯಾರ್ಕಿನ ಆ ಸುಂಕದ ಕಟ್ಟೆಯ ಮುಖ್ಯಾಧಿಕಾರಿಯಾಗಿದ್ದವನು, ಕಾಂಕ್ಲಿಂಗನ ಬಲಗೈ. ಅವನಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಗಾರ್‌ಫೀಲ್ಡ್ ಇನ್ನೂ ಜೀವದಿಂದಿದ್ದ ಆಗಸ್ಟ್ ತಿಂಗಳ ಕೊನೆಯಲ್ಲಿ, ನ್ಯೂಯಾರ್ಕಿನ ಜೂಲಿಯಾ ಸ್ಯಾಂಡ್ ಎಂಬ, ಬಹುಕಾಲದಿಂದ ಕಾಯಿಲೆಯಲ್ಲಿದ್ದ ಹೆಂಗಸು, ಪರಿಚಯವೇ ಇಲ್ಲದ ಆರ್ಥರ್‌ಗೆ ಒಂದು ಕಾಗದ ಬರೆದಳು. ನಿಮ್ಮ ಬಗ್ಗೆ ಜನ ಏನೆಂದುಕೊಂಡಿದ್ದಾರೆಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಇನ್ನು ಮುಂದೆ ಸರಿಯಾದದ್ದನ್ನು ಮಾಡಿ ಎಂದು ಬುದ್ಧಿ ಹೇಳಿದಳು. ಅಂಥ ಇಪ್ಪತ್ತಮೂರು ಕಾಗದಗಳು ಉಳಿದುಕೊಂಡಿವೆ. ತನ್ನ ಕಾಗದಪತ್ರಗಳನ್ನೆಲ್ಲ ಸುಡಿಸಿದ ಆರ್ಥರ್ ಇವನ್ನು ಸುಡಲಿಲ್ಲ, ಒಮ್ಮೆ ಅವಳ ಮನೆಗೂ ಹೋಗಿ ಬಂದ. ಆಕೆಯ ಮಾತಿನಿಂದಲೇ ಎಲ್ಲವೂ ಆಯಿತೆಂದು ಹೇಳಲಾಗದು. ಗಾರ್‌ಫೀಲ್ಡನ ಸಾವಿನಿಂದ ಇಡೀ ದೇಶವೇ ಹುದ್ದೆ ಹಂಚುವ ಪದ್ಧತಿಯ ಮೇಲೆ ಸಿಡಿದೆದ್ದಿತ್ತು. 1883ರ ಜನವರಿ 16ರಂದು ಆರ್ಥರ್ ಪೆಂಡಲ್‌ಟನ್ ಕಾನೂನಿಗೆ ಸಹಿ ಹಾಕಿದ. ಆರಂಭದಲ್ಲಿ ಹತ್ತರಲ್ಲಿ ಒಂದು ಪಾಲು ಹುದ್ದೆಗಳಿಗೆ ಮಾತ್ರ ಅನ್ವಯಿಸಿದರೂ, ಆ ಹುದ್ದೆಗಳಿಗೆ ಬಹಿರಂಗ ಪರೀಕ್ಷೆ ಬಂದಿತು, ನೌಕರರಿಂದ ಪಕ್ಷದ ವಂತಿಗೆ ಕೀಳುವುದು ಅಪರಾಧವಾಯಿತು. ಅದರ ಕರಡು ಸಿದ್ಧಪಡಿಸಿದ ಡಾರ್ಮನ್ ಈಟನ್ ಬ್ರಿಟನ್ನಿನ ಪರೀಕ್ಷಾ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದವನು. ಭಾರತದ ಸಿವಿಲ್ ಸರ್ವಿಸ್ಸಿಗೆ 1855ರಲ್ಲಿ ಲಂಡನ್ನಿನಲ್ಲಿ ಪರೀಕ್ಷೆ ಶುರುವಾದದ್ದೂ ಅದೇ ಸುಧಾರಣೆಯ ಕಾಲದಲ್ಲಿ. ನೀನು ಎರಡು ಸಲ ಬರೆದು ಬೇಸತ್ತು, ಇದೊಂದು ಹಿಂಸೆ ಎಂದು ಬೈದ ಪರೀಕ್ಷೆಯೂ ಅದೇ ವಂಶದ್ದು. ಮಾತು ಹೇಳಿಸಲು ಯಾರೂ ಇಲ್ಲದ ಮಕ್ಕಳಿಗಾಗಿ ಅದು ಬಂದಿತು.

ಈಗ ನನ್ನದೊಂದು ವಿಷಯವನ್ನು ಬರೆಯಬೇಕು. ಇದನ್ನು ನಿನ್ನ ಅಮ್ಮನಿಗೂ ನಾನು ಹೇಳಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ ನಾನು ದೂರದ ಹಳ್ಳಿಯೊಂದರಲ್ಲಿದ್ದೆ, ಇಲ್ಲಿ ನಿನ್ನ ಅಜ್ಜಿಗೆ ಕಾಯಿಲೆ. ಪ್ರಭಾವಶಾಲಿಗಳೊಬ್ಬರ ಹತ್ತಿರ ಹೋಗಿ ‘ಒಂದು ಮಾತು ಹೇಳಿ’ ಎಂದೆ. ಹದಿನೈದು ದಿನದಲ್ಲಿ ವರ್ಗವಾಯಿತು. ಅಧಿಕಾರ ವಹಿಸಿಕೊಳ್ಳಲು ಹೋದ ದಿನ, ನನ್ನಿಂದಾಗಿ ಜಾಗ ಬಿಡಬೇಕಾಗಿದ್ದ ಗಣಿತದ ಮೇಷ್ಟರು ತಮ್ಮ ಮೇಜನ್ನು ತೆರವು ಮಾಡುತ್ತಿದ್ದರು. ಅವರು ಒಂದು ಕಟು ಮಾತೂ ಆಡಲಿಲ್ಲ. ಕಪ್ಪುಹಲಗೆಗೆಂದು ತಾವೇ ಮರದಲ್ಲಿ ಮಾಡಿಸಿದ್ದ ದೊಡ್ಡ ಕೈವಾರವನ್ನು ನನಗೇ ಬಿಟ್ಟರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, ‘ಈ ಒಂಬತ್ತು ಮಕ್ಕಳಿಗೆ ಭಿನ್ನರಾಶಿ ಇನ್ನೂ ಕೂತಿಲ್ಲ, ಸ್ವಲ್ಪ ನೋಡಿಕೊಳ್ಳಿ’ ಎಂದರು. ಅವರನ್ನು ಹಾಕಿದ್ದು ನಾನು ಬಿಟ್ಟುಬಂದ ಹಳ್ಳಿಗೇ. ಅವರ ಮನೆಯಲ್ಲಿಯೂ ಮುದಿ ತಂದೆ ಇದ್ದರೆಂದು ಆಮೇಲೆ ತಿಳಿಯಿತು. ಹುದ್ದೆಯಲ್ಲಿರುವವರನ್ನು ಪಿತೂರಿಯಿಂದ ಕಾಪಾಡಬೇಕು ಎಂದು ಗಾರ್‌ಫೀಲ್ಡ್ ಹೇಳಿದ್ದನ್ನು ಓದಿದ ದಿನ ನನಗೆ ಆ ಚೀಟಿಯ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. ಕೈವಾರ ಇನ್ನೂ ನನ್ನ ಬಳಿ ಇದೆ.

ನೀನು ಕೇಳಿದ ಆ ಹುದ್ದೆಗೂ 18 ಜನ ಅರ್ಜಿ ಹಾಕಿದ್ದಾರೆಂದು ನೀನೇ ಬರೆದಿದ್ದೀಯ. ಉಳಿದ ಹದಿನೇಳು ಜನರ ಮಾವಂದಿರು ಯಾರೋ, ನನಗೆ ಗೊತ್ತಿಲ್ಲ.

ನೀನು ಹಾಕಿದ ಅರ್ಜಿ ಹಾಗೆಯೇ ಇರಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ; ನನ್ನ ಹೆಸರನ್ನು ಮಾತ್ರ ಎಲ್ಲಿಯೂ ಎತ್ತಬೇಡ. ಮುಂದಿನ ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ. ಕಳೆದ ಸಲ ನಿನಗೆ ಅಂಕ ಹೋದದ್ದು ಗಣಿತದ ಪ್ರಶ್ನೆಗಳಲ್ಲಿಯೇ ಎಂದು ನಿನ್ನ ಅಮ್ಮ ಹೇಳಿದಳು. ಹಿಂದಿನ ಆರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತರಿಸಿ ಬೇರೆ ಬೇರೆ ಕಟ್ಟು ಮಾಡಿಟ್ಟಿದ್ದೇನೆ. ಭಾನುವಾರ ಬೆಳಗಿನ ಬಸ್ಸಿಗೆ ಬಾ, ತಿಂಗಳಿಗೆ ಎರಡು ಭಾನುವಾರವಾದರೂ ಇಲ್ಲಿರು. ಮಹಡಿಯ ಕೋಣೆಯನ್ನು ನಿನ್ನ ಅತ್ತೆ ಆಗಲೇ ಗುಡಿಸಿ, ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದಾಳೆ. ಬರುವಾಗ ಒಂದು ದಪ್ಪ ರಟ್ಟನ್ನೂ ಕತ್ತರಿಯನ್ನೂ ತಾ.

ನಿನ್ನ ಅಮ್ಮನಿಗೆ ಆಶೀರ್ವಾದ, ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ ಹಿತವನ್ನೇ ಬಯಸುವ,
ಸೋದರಮಾವ